ಟೇಪು ಕೈಯಿಂದ ಕೈಗೆ

ಮಿನೆಸೋಟಾದ ಈಡನ್ ಪ್ರೇರಿ ಎಂಬ ಊರಿನಲ್ಲಿ ನಾನು ಎರಡು ವರ್ಷ ಇದ್ದೆ. ಮಿನಿಯಾಪೊಲಿಸ್ ಪಕ್ಕದ ಊರು. ಕೆರೆಗಳು, ಆಫೀಸು ಕಟ್ಟಡಗಳು, ಒಂದು ದೊಡ್ಡ ಮಾಲ್, ಮುಗಿಯದ ಹಿಮ. ಬೆಂಗಳೂರು, ಹೈದರಾಬಾದಿನಿಂದ ಕಂಪ್ಯೂಟರ್ ಕೆಲಸಕ್ಕೆ ಬಂದವರು ಆಗಲೇ ಅಲ್ಲಿ ಬೇಕಾದಷ್ಟಿದ್ದರು. ನನಗೂ ಅದು ಬರೀ ಪ್ರಾಜೆಕ್ಟಿನ ಊರು. ಅಮೆರಿಕದ ಟಿವಿ ಕಂಡ ಒಂದು ವಿಚಿತ್ರ ಹಾಸ್ಯ ಕಾರ್ಯಕ್ರಮ ಹತ್ತು ವರ್ಷ ಇದೇ ಊರಿನ ಒಂದು ಸಾಧಾರಣ ಆಫೀಸು ಕಟ್ಟಡದಲ್ಲಿ ತಯಾರಾಗಿತ್ತು ಅಂತ ಗೊತ್ತಾಗಿದ್ದು ವಾಪಸ್ ಹೊರಡಲು ನಾಲ್ಕು ತಿಂಗಳು ಇದ್ದಾಗ.

ಗೊತ್ತು ಮಾಡಿಸಿದವರು ನಮ್ಮ ಟೀಮಿನ ಹಿರಿಯರೊಬ್ಬರು. ಐವತ್ತು ದಾಟಿದವರು. ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದರು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವರು ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ನನ್ನನ್ನೂ ನನ್ನ ಹೆಂಡತಿಯನ್ನೂ ಮನೆಗೆ ಕರೆದರು. 2008ರ ನವೆಂಬರ್ 27. ನಾವು ಮಾಂಸ ತಿನ್ನುವುದಿಲ್ಲ ಅಂತ ಅವರ ಮನೆಯಾಕೆ ಬೀನ್ಸ್ ಬೇಯಿಸಿ, ಮೇಲೆ ಹುರಿದ ಈರುಳ್ಳಿ ಹಾಕಿ, ಬೇರೆಯೇ ಒಂದು ಅಡುಗೆ ಮಾಡಿದ್ದರು. ಊಟ ಆದ ಮೇಲೆ ಅವರು ಕೈ ಒರೆಸಿಕೊಂಡು, “ಕೆಳಗೆ ಬನ್ನಿ. ಹಬ್ಬದಿಂದ ಹಬ್ಬಕ್ಕೆ ಲೆಕ್ಕ ಹಾಕಿದರೆ ಇವತ್ತಿಗೆ ಇಪ್ಪತ್ತು ವರ್ಷ ಆಯ್ತು,” ಎಂದರು. ನಾನು ಮದುವೆಯ ವಿಷಯ ಅಂದುಕೊಂಡು ಇಬ್ಬರಿಗೂ ಶುಭಾಶಯ ಹೇಳಿಬಿಟ್ಟೆ. ಆಕೆ ನಕ್ಕ ನಗು ಇನ್ನೂ ಕಿವಿಯಲ್ಲಿದೆ.

ಕೆಳಗೆ ನೆಲಮಾಳಿಗೆ. ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟು, ಅದರ ತುಂಬ ವಿಡಿಯೋ ಕ್ಯಾಸೆಟ್ಟುಗಳು. ಒಂದೊಂದರ ಬೆನ್ನ ಮೇಲೂ ಕೈಬರಹದ ಚೀಟಿ, ನಂಬರು, ತಾರೀಖು. ಮೂಲೆಯಲ್ಲಿ ಗಾಳಿಯ ತೇವ ಹೀರುವ ಯಂತ್ರವೊಂದು ಗುಯ್ ಎನ್ನುತ್ತಿತ್ತು. “ಬೂಷ್ಟು ಹಿಡಿದರೆ ಟೇಪು ಮುಗೀತು,” ಎಂದರು ಅವರು. “ಚಳಿಗಾಲದಲ್ಲಿ ಅದರ ಅಗತ್ಯವೇ ಇಲ್ಲ. ಗಾಳಿ ತಾನೇ ಒಣಗಿರುತ್ತೆ. ಆದ್ರೂ ಇವರು ಓಡಿಸ್ತಾರೆ,” ಎಂದರು ಆಕೆ.

ಆ ಯಂತ್ರದ ಸದ್ದಿನಲ್ಲೇ ನಾನು ಮೊದಲ ಸಲ ‘ಮಿಸ್ಟರಿ ಸೈನ್ಸ್ ಥಿಯೇಟರ್ 3000’ ನೋಡಿದ್ದು.

ಕಥೆ ಅಂತ ಹೇಳಬೇಕೆಂದರೆ ಇಷ್ಟೆ. ಒಬ್ಬ ಕಸ ಗುಡಿಸುವ ಆಳು. ಅವನನ್ನು ಇಬ್ಬರು ತಲೆಕೆಟ್ಟ ವಿಜ್ಞಾನಿಗಳು ಬಾಹ್ಯಾಕಾಶಕ್ಕೆ ಹಾರಿಸಿ, ಅಲ್ಲೊಂದು ನೌಕೆಯಲ್ಲಿ ಕೂಡಿಹಾಕಿ, ಜಗತ್ತಿನ ಅತಿ ಕೆಟ್ಟ ಸಿನಿಮಾಗಳನ್ನು ಬಲವಂತವಾಗಿ ತೋರಿಸುತ್ತಾರೆ. ಯಾವ ಸಿನಿಮಾಕ್ಕೆ ಅವನ ಬುದ್ಧಿ ಕೆಡುತ್ತದೆ ಅಂತ ನೋಡುವ ಪ್ರಯೋಗ. ಅವನು ಒಂಟಿತನ ತಾಳಲಾರದೆ ನೌಕೆಯ ಬಿಡಿಭಾಗಗಳಿಂದ ರೋಬಾಟುಗಳನ್ನು ಮಾಡಿಕೊಂಡಿದ್ದಾನೆ. ಹಾಗೆ ಬಳಸಿದ ಭಾಗಗಳೇ ಸಿನಿಮಾವನ್ನು ಶುರು ಮಾಡುವ, ನಿಲ್ಲಿಸುವ ಭಾಗಗಳಾಗಿದ್ದವಂತೆ. ಅಂದರೆ ಗೆಳೆಯರು ಸಿಕ್ಕರು, ಸ್ವಿಚ್ಚು ಹೋಯಿತು. ತಮಾಷೆಗೆ ಹೇಳಿದ ಈ ಒಂದು ಸಂಗತಿ ನನಗೆ ಯಾಕೋ ಬಹಳ ಇಷ್ಟ.

ಪರದೆಯ ಮೇಲೆ ಇಡೀ ಸಿನಿಮಾ ಓಡುತ್ತದೆ. ಕೆಳಗೆ ಬಲಗಡೆ ಥಿಯೇಟರಿನ ಕುರ್ಚಿ ಸಾಲು, ಅದರಲ್ಲಿ ಕೂತ ಮೂವರ ಕಪ್ಪು ನೆರಳು. ಆ ಮನುಷ್ಯ, ಅವನ ರೋಬಾಟುಗಳಾದ ಟಾಮ್ ಸರ್ವೊ, ಕ್ರೋ. ಸಿನಿಮಾ ಮುಗಿಯುವವರೆಗೂ ಅವರು ಮಾತಾಡುತ್ತಲೇ ಇರುತ್ತಾರೆ. ನಾಯಕನ ಹೊಟ್ಟೆಯ ಬಗ್ಗೆ, ಹಿಂದೆ ಅಲುಗಾಡುವ ಸೆಟ್ಟಿನ ಬಗ್ಗೆ, ಯಾರೂ ಓದದ ಯಾವುದೋ ಕಾದಂಬರಿಯ ಬಗ್ಗೆ. ಒಂದೊಂದು ಕಂತಿಗೆ ನೂರಾರು ಚಾಟಿ ಮಾತು.

ಅವತ್ತು ಹಾಕಿದ್ದು ‘ಮ್ಯಾನೋಸ್: ದ ಹ್ಯಾಂಡ್ಸ್ ಆಫ್ ಫೇಟ್’ ಕಂತು. ಆ ಸಿನಿಮಾ ಮಾಡಿದ ಹೆರಾಲ್ಡ್ ವಾರೆನ್ ಟೆಕ್ಸಸ್‌ನ ಎಲ್ ಪಾಸೊ ಊರಿನ ಗೊಬ್ಬರದ ವ್ಯಾಪಾರಿ. ಯಾರ ಕೈಲಾದರೂ ಸಿನಿಮಾ ಮಾಡಬಹುದು ಅಂತ ಪಂದ್ಯ ಕಟ್ಟಿ 1966ರಲ್ಲಿ ಮಾಡಿದ್ದು. ಕ್ಯಾಮೆರಾಕ್ಕೆ ಕೀಲಿ ಕೊಡಬೇಕಿತ್ತು, ಒಂದು ಸಲಕ್ಕೆ 32 ಸೆಕೆಂಡಿಗಿಂತ ಜಾಸ್ತಿ ಓಡುತ್ತಿರಲಿಲ್ಲ. ಮಾತುಗಳನ್ನೆಲ್ಲ ಆಮೇಲೆ ಎರಡು ಮೂರು ಜನ ಸೇರಿ ಹಾಕಿದರು. ರಾತ್ರಿಯ ದೃಶ್ಯಗಳಲ್ಲಿ ದೀಪಕ್ಕೆ ಬಂದ ಹುಳಗಳು ಪಾತ್ರಧಾರಿಗಳಿಗಿಂತ ಚುರುಕಾಗಿವೆ. ಟೀವಿ ಕಂಪನಿ ಕಳಿಸಿದ ಹಳೇ ಟೇಪುಗಳ ರಾಶಿಯಲ್ಲಿ ಇದನ್ನು ಹೆಕ್ಕಿದವರು ಬರಹಗಾರರಲ್ಲೊಬ್ಬರಾದ ಫ್ರ್ಯಾಂಕ್ ಕಾನಿಫ್. ಈ ಕಂತಿನಲ್ಲಿ ಹಿಂಸೆ ಕೊಡುವ ಆ ವಿಜ್ಞಾನಿಗಳೇ ಕೊನೆಗೆ ಕೈದಿಯ ಕ್ಷಮೆ ಕೇಳುತ್ತಾರೆ. ಅಷ್ಟು ಕೆಟ್ಟ ಸಿನಿಮಾ.

ನನ್ನ ಹೆಂಡತಿ ಅರ್ಧ ಗಂಟೆಗೆ ನಿದ್ದೆ ಹೋದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅರ್ಧಕ್ಕರ್ಧ ಮಾತು ಅರ್ಥವಾಗಿರಲಿಲ್ಲ. ಆ ದೇಶದ ಎಪ್ಪತ್ತರ ದಶಕದ ಜಾಹೀರಾತು, ಹಳೇ ಸೆನೆಟರು, ಯಾವುದೋ ಬ್ಯಾಂಡು. ಆದರೂ ಆ ನೆರಳುಗಳು ನನಗೆ ಗುರುತಿನವು. ತಿಪಟೂರಿನಲ್ಲಿ ನಮ್ಮ ಸೋದರಮಾವ ಟೂರಿಂಗ್ ಟಾಕೀಸಿನ ನೆಲದ ಮೇಲೆ ಕೂತು ಮಾಡುತ್ತಿದ್ದುದು ಇದೇ. ನಾಯಕ ಬಂಡೆ ಎತ್ತಿದರೆ ಮಾವ, “ಮೆತ್ತಗೆ ಕಣಪ್ಪೋ, ಬಣ್ಣ ಇನ್ನೂ ಒಣಗಿಲ್ಲ!” ಎನ್ನುತ್ತಿದ್ದ. ಸುತ್ತ ನಾಲ್ಕು ಸಾಲು ನಗುತ್ತಿತ್ತು. ಅವನು ಎಂಥ ಕೆಟ್ಟ ಸಿನಿಮಾ ಆದರೂ ‘ಶುಭಂ’ ಬರುವವರೆಗೆ ಎದ್ದವನಲ್ಲ. ಅದು ಮುಖ್ಯ. ಅರ್ಧಕ್ಕೆ ಎದ್ದು ಬಂದು ಬೈಯುವವನಿಗೂ ಕೊನೆವರೆಗೂ ಕೂತು ಕಾಲೆಳೆಯುವವನಿಗೂ ವ್ಯತ್ಯಾಸ ಇದೆ, ಅಲ್ವಾ.

ಆಮೇಲೆ ಉಳಿದ ನಾಲ್ಕು ತಿಂಗಳು ಪ್ರತಿ ಶನಿವಾರ ಆ ನೆಲಮಾಳಿಗೆಗೆ ಹೋಗುತ್ತಿದ್ದೆ. ಸಿನಿಮಾಗಳಷ್ಟೇ ಅವರ ಮಾತೂ ಕೇಳಿದೆ. ಆಫೀಸಿನಲ್ಲಿ ಹತ್ತು ಮಾತಾಡುವವರು ಇಲ್ಲಿ ಹತ್ತು ಸಾವಿರ ಆಡುತ್ತಿದ್ದರು. ಅದರಲ್ಲಿ ಅರ್ಧ ಸಂಭ್ರಮ, ಅರ್ಧ ಆತಂಕ. ಯಾವುದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತಿತ್ತೋ ನನಗೆ ತಿಳಿಯುತ್ತಿರಲಿಲ್ಲ.

ಶುರುವಾಗಿದ್ದು 1988ರ ನವೆಂಬರ್ 24ರ ಥ್ಯಾಂಕ್ಸ್‌ಗಿವಿಂಗ್ ದಿನ, ಮಿನಿಯಾಪೊಲಿಸ್‌ನ ಕೆಟಿಎಂಎ ಎಂಬ ಸಣ್ಣ ಸ್ಥಳೀಯ ವಾಹಿನಿಯಲ್ಲಿ. 23ನೇ ಚಾನೆಲ್. ಜೋಯಲ್ ಹಾಜ್‌ಸನ್ ಎಂಬ ನಿದ್ದೆಗಣ್ಣಿನ ಹಾಸ್ಯಗಾರ, ಗುಜರಿ ಸಾಮಾನಿನಿಂದ ರೋಬಾಟು ಮಾಡಿ ಮಾರುತ್ತಿದ್ದವನು, ಆ ವಾಹಿನಿಯ ಜಿಮ್ ಮ್ಯಾಲನ್‌ಗೆ ಈ ಐಡಿಯಾ ಹೇಳಿದ. ಕಾಸಿಲ್ಲ, ಸೆಟ್ಟಿಗೆ ಸಾಮಾನಿಲ್ಲ. ಟಾಮ್ ಸರ್ವೊನ ತಲೆ ಚಿಕ್ಕ ಮಕ್ಕಳಿಗೆ ಮಿಠಾಯಿ ಉದುರಿಸುವ ಗಾಜಿನ ಬುರುಡೆಯಂಥ ಡಬ್ಬಿ. ಕ್ರೋನ ಕೊಕ್ಕು, ಚೆಂಡು ಉರುಳಿಸಿ ಬೀಳಿಸುವ ಬೌಲಿಂಗ್ ಆಟದ ಗೂಟವನ್ನು ಸೀಳಿದ್ದು. ವಾಹಿನಿಯ ಹತ್ತಿರ ಇದ್ದ ಹಳೇ ಸಿನಿಮಾಗಳೇ ಬಂಡವಾಳ. ಆ ಮೊದಲ ವರ್ಷ ಮಾತೆಲ್ಲ ಬಾಯಿಗೆ ಬಂದ ಹಾಗೆ. ಬರೆದುಕೊಂಡು ಮಾಡುವುದು ಕೇಬಲ್‌ಗೆ ಹೋದ ಮೇಲೆ ಶುರುವಾಯಿತು.

ಜನ ಏನಂತಾರೋ ಅಂತ ಒಂದು ಫೋನ್ ನಂಬರು ಕೊಟ್ಟು, ಸಂದೇಶ ಹಿಡಿಯುವ ಯಂತ್ರ ಇಟ್ಟರು. ಯಂತ್ರದ ತುಂಬ ಸಂದೇಶ. ಸಿನಿಮಾ ನೋಡಲು ಬಿಡಿ ಅಂತ ಬೈದವರಿದ್ದರು, ದಯವಿಟ್ಟು ನಿಲ್ಲಿಸಬೇಡಿ ಅಂದವರೂ ಇದ್ದರು. ಆ ಸಂದೇಶಗಳನ್ನೇ ಕಾರ್ಯಕ್ರಮದಲ್ಲಿ ಕೇಳಿಸಿದರು. ನಮ್ಮ ಹಿರಿಯರೂ ಒಂದು ಸಂದೇಶ ಬಿಟ್ಟಿದ್ದರಂತೆ. “ಏನಂದಿದ್ರಿ?” ಅಂದೆ. “ಹೆದರಿಕೆಯಾಗಿ ಹೆಸರು ಹೇಳಿ ಇಟ್ಟುಬಿಟ್ಟೆ.” ಅದು ಪ್ರಸಾರವಾಗಲಿಲ್ಲ.

ಆರೇ ತಿಂಗಳು. ಆ ವಾಹಿನಿಗೆ ಹಣದ ತೊಂದರೆ. ಅಷ್ಟರಲ್ಲಿ ನ್ಯೂಯಾರ್ಕಿನಲ್ಲಿ ಕಾಮೆಡಿ ಚಾನೆಲ್ ಎಂಬ ಕೇಬಲ್ ವಾಹಿನಿ ಹುಟ್ಟುತ್ತಿತ್ತು. ಒಳ್ಳೊಳ್ಳೆಯ ತುಣುಕು ಸೇರಿಸಿ ಒಂದು ಟೇಪು ಕಳಿಸಿದರು, ಒಪ್ಪಿಗೆಯಾಯಿತು. ತಂಡ ನ್ಯೂಯಾರ್ಕಿಗೆ ಹೋಗಲಿಲ್ಲ. ಈಡನ್ ಪ್ರೇರಿಯಲ್ಲೇ ಜಾಗ ಬಾಡಿಗೆಗೆ ಹಿಡಿದು ಬೆಸ್ಟ್ ಬ್ರೇನ್ಸ್ ಅಂತ ಕಂಪನಿ ಮಾಡಿಕೊಂಡರು. ಒಂದು ಕೋಣೆಯಲ್ಲಿ ಎಲ್ಲರೂ ಕೂತು ಸಿನಿಮಾ ಹಾಕಿ, ನಿಲ್ಲಿಸಿ, ಹಿಂದೆ ಓಡಿಸಿ, ಮತ್ತೆ ನೋಡಿ, ಬಾಯಿಗೆ ಬಂದ ಮಾತನ್ನೆಲ್ಲ ಟೈಪ್ ಮಾಡಿಸುತ್ತಿದ್ದರು. ಟೈಪ್ ಮಾಡಲು ಬಂದ ಮೈಕ್ ನೆಲ್ಸನ್ ಅಲ್ಲಿಯವರೆಗೆ ಒಂದು ರೆಸ್ಟೋರೆಂಟಿನಲ್ಲಿ ವೇಟರ್ ಆಗಿದ್ದವರು. ನೋಡುನೋಡುತ್ತ ಮುಖ್ಯ ಬರಹಗಾರರಾದರು. ಒಮ್ಮೆ ಒಂದು ಸಿನಿಮಾವನ್ನು ಪೂರ್ತಿ ನೋಡದೆ ಆರಿಸಿಬಿಟ್ಟು, ಕೆಲಸ ಶುರುವಾದ ಮೇಲೆ ಮಧ್ಯದಲ್ಲೊಂದು ಘೋರ ದೃಶ್ಯ ಎದುರಾಯಿತು. ಅದನ್ನು ಕತ್ತರಿಸಿ ತೆಗೆದರು. ಅಲ್ಲಿಂದ ಮುಂದೆ ಕೊನೆವರೆಗೂ ನೋಡದೆ ಯಾವ ಸಿನಿಮಾವನ್ನೂ ಆರಿಸಲಿಲ್ಲ. ಎಲ್ಲವನ್ನೂ ನಗೆಯಾಡಲು ಆಗುವುದಿಲ್ಲ ಅನ್ನುವುದು ನಗಿಸುವವರಿಗೆ ಗೊತ್ತಿರಬೇಕು.

ಇನ್ನು ಟೇಪಿನ ವಿಷಯ. ನನ್ನ ಮಟ್ಟಿಗೆ ಇಡೀ ಕಥೆಯ ಕೀಲಿ ಇದೇ.

ಹೊಸ ಕೇಬಲ್ ವಾಹಿನಿ ಎಷ್ಟೋ ಊರುಗಳಲ್ಲಿ ಬರುತ್ತಲೇ ಇರಲಿಲ್ಲ. ಬರುವಲ್ಲೂ ಹೊತ್ತಲ್ಲದ ಹೊತ್ತಿನಲ್ಲಿ. ಜಾಹೀರಾತು ಸೇರಿ ಎರಡು ಗಂಟೆಯ ಕಂತು. ಆಗ ತಂಡದವರು ಕಾರ್ಯಕ್ರಮದ ಕೊನೆಯ ಹೆಸರುಗಳ ಪಟ್ಟಿಯಲ್ಲೇ ಒಂದು ಸಾಲು ಹಾಕಿದರು: ಟೇಪುಗಳನ್ನು ಹಂಚುತ್ತಾ ಇರಿ. ಹಕ್ಕು, ಕೇಸು ಅಂತ ಹೆದರಿಸುವುದೇ ವಾಡಿಕೆಯಾದ ಟಿವಿಯಲ್ಲಿ ಮಾಡಿದವರೇ ನಕಲು ಮಾಡಿ ಅಂದರು! ಆಮೇಲಾಮೇಲೆ ಕಾನೂನಿನ ಕಾರಣಕ್ಕೆ ಆ ಸಾಲು ತೆಗೆದರು. ಅಷ್ಟರಲ್ಲಿ ಮಾತು ನಾಟಿಯಾಗಿತ್ತು.

ನಮ್ಮ ಹಿರಿಯರು ಲೆಕ್ಕ ವಿವರಿಸಿದರು. ಎರಡು ಗಂಟೆಯ ಕ್ಯಾಸೆಟ್ಟನ್ನು ಅತಿ ನಿಧಾನದ ವೇಗದಲ್ಲಿ ಇಟ್ಟರೆ ಆರು ಗಂಟೆ ಹಿಡಿಯುತ್ತದೆ. ಅಂದರೆ ಮೂರು ಕಂತು. ಚಿತ್ರ ಸ್ವಲ್ಪ ಮಸುಕಾಗುತ್ತದೆ, ಪರವಾಗಿಲ್ಲ. ಒಹಾಯೋದಲ್ಲಿ ಯಾರೋ ಒಬ್ಬನಿಗೆ ಆ ವಾಹಿನಿ ಬರುವುದಿಲ್ಲ. ಅವನು ಎರಡು ಖಾಲಿ ಟೇಪು ಕಳಿಸುತ್ತಾನೆ. ಒಂದರಲ್ಲಿ ತುಂಬಿ ಕಳಿಸಬೇಕು, ಇನ್ನೊಂದು ಇಟ್ಟುಕೊಳ್ಳಬೇಕು. ಅವನು ಅದರಿಂದ ಇನ್ನೊಬ್ಬನಿಗೆ ನಕಲು ಮಾಡುತ್ತಾನೆ. ನಕಲಿನ ನಕಲು, ಅದರ ನಕಲು. ನಾಲ್ಕನೇ ಕೈಗೆ ಹೋಗುವಷ್ಟರಲ್ಲಿ ಎಲ್ಲರ ಮುಖವೂ ಹಸಿರು. “ಮುಖ ಹಸಿರಾದಷ್ಟೂ ಟೇಪಿಗೆ ಗೌರವ ಜಾಸ್ತಿ. ಅಷ್ಟು ಜನ ನಕ್ಕಿದ್ದಾರೆ ಅಂತ ಅರ್ಥ,” ಎನ್ನುತ್ತಿದ್ದರು.

ನನಗೆ ಆಗ ಹೊಳೆದದ್ದು ಇದು. ಟಿವಿ ಸಾಮಾನ್ಯವಾಗಿ ನಲ್ಲಿ ನೀರಿನ ಹಾಗೆ. ಬಂದಾಗ ಹಿಡಿಯುತ್ತೇವೆ, ನಿಂತರೆ ಬೈಯುತ್ತೇವೆ. ನೀರು ನಮ್ಮದು ಅನ್ನಿಸುವುದಿಲ್ಲ. ಆದರೆ ಇವರ ಕೈಗೆ ಕೊಡ ಕೊಟ್ಟು, ತುಂಬಿಸಿ ಊರಿಗೆಲ್ಲ ಹಂಚಿ ಅಂದರು. ಹೊತ್ತವರಿಗೆ ಚೆಲ್ಲುವ ಭಯ ಇದ್ದೇ ಇರುತ್ತದೆ. ಈ ಅಭಿಮಾನಿಗಳು ಬೇರೆ ಕಾರ್ಯಕ್ರಮದವರಿಗಿಂತ ಹತ್ತು ಪಟ್ಟು ಕಳವಳ ಪಡುತ್ತಿದ್ದುದು ಹುಚ್ಚಿನಿಂದಲ್ಲ. ಕಾರ್ಯಕ್ರಮ ಅವರ ಕಪಾಟಿನಲ್ಲಿತ್ತು.

ಆ ಭಯ ಸುಳ್ಳೂ ಅಲ್ಲ. ಕೆಟಿಎಂಎ ಕಾಲದ 21 ಕಂತುಗಳಲ್ಲಿ ಹೆಚ್ಚಿನವು ಹೊರಗಿನವರಿಗೆ ನೋಡಲು ಸಿಕ್ಕಿದ್ದು ಮನೆಯಲ್ಲಿ ಯಾರೋ ಹಿಡಿದಿಟ್ಟುಕೊಂಡ ಟೇಪುಗಳಿಂದ. ಮೊದಲ ಮೂರು ಮಾತ್ರ ಯಾರ ಹತ್ತಿರವೂ ಇರಲಿಲ್ಲ. ಮೊದಲ ದಿನವೇ ಇದು ಮುಂದೆ ಬೇಕಾಗುತ್ತದೆ ಅಂತ ಯಾರಿಗೆ ಗೊತ್ತಿರುತ್ತದೆ ಹೇಳಿ! ಅವುಗಳಲ್ಲಿ ಎರಡು 2016ರಲ್ಲಿ ಸಿಕ್ಕವು. ಆ ಸುದ್ದಿ ಬಂದ ದಿನ ನಮ್ಮ ಹಿರಿಯರು ಮೈಸೂರಿಗೆ ಫೋನ್ ಮಾಡಿದ್ದರು. ನಮಗೆ ಬೆಳಗಿನ ಜಾವ ಮೂರೂವರೆ. ಸಾವಿನ ಸುದ್ದಿಯೇ ಅಂದುಕೊಂಡು ಫೋನ್ ಎತ್ತಿದ್ದೆ.

ಕಾಮೆಡಿ ಚಾನೆಲ್ ಇನ್ನೊಂದು ವಾಹಿನಿಯ ಜೊತೆ ಸೇರಿ 1991ರಲ್ಲಿ ಕಾಮೆಡಿ ಸೆಂಟ್ರಲ್ ಆಯಿತು. ಆಗಲೇ ಒಂದು ಕಳವಳ. ಆದರೆ ಅದೇ ವರ್ಷದಿಂದ ಥ್ಯಾಂಕ್ಸ್‌ಗಿವಿಂಗ್ ದಿನ ಗಂಟೆಗಟ್ಟಲೆ ಕಂತಿನ ಮೇಲೆ ಕಂತು ತೋರಿಸುವ, ಆ ಹಬ್ಬದೂಟದ ಟರ್ಕಿ ಕೋಳಿಯ ಹೆಸರಿನ ‘ಟರ್ಕಿ ಡೇ’ ಶುರುವಾಯಿತು. ನಮ್ಮ ಹಿರಿಯರು ಮೂರು ಕ್ಯಾಸೆಟ್ ತಂದಿಟ್ಟುಕೊಂಡು, ಊಟದ ಮಧ್ಯೆ ಎದ್ದೆದ್ದು ಹೋಗಿ ಬದಲಾಯಿಸುತ್ತಿದ್ದರಂತೆ. ಒಂದು ಸಲ ಮಾವನಿಗೆ ಕೋಳಿ ಬಡಿಸುವಾಗ ಎದ್ದು ಹೋಗಿ, ಆ ಸಿಟ್ಟು ಮಾವ ಸಾಯುವವರೆಗೂ ಉಳಿದಿತ್ತು ಅಂತ ಆಕೆ ಹೇಳಿದರು.

ದೊಡ್ಡ ಏಟು ಬಿದ್ದದ್ದು 1993ರ ಅಕ್ಟೋಬರಿನಲ್ಲಿ. ನೌಕೆಯಲ್ಲಿ ಸಿಕ್ಕಿಬಿದ್ದ ಆಳಿನ ಪಾತ್ರ ಮಾಡುತ್ತಿದ್ದ ಜೋಯಲ್ ಬಿಟ್ಟು ಹೋದರು. ಸಿನಿಮಾ ಮಾಡುವ ವಿಷಯದಲ್ಲಿ ಜಿಮ್ ಮ್ಯಾಲನ್ ಜೊತೆ ಹೊಂದಾಣಿಕೆ ಆಗಲಿಲ್ಲ, ಕ್ಯಾಮೆರಾ ಮುಂದೆ ನಿಲ್ಲುವುದೂ ಅವರಿಗೆ ಒಗ್ಗಿರಲಿಲ್ಲ. ‘ಮಿಚೆಲ್’ ಎಂಬ ಪೊಲೀಸ್ ಸಿನಿಮಾದ ಕಂತಿನ ಕೊನೆಯಲ್ಲಿ ಅವರ ಪಾತ್ರ ನೌಕೆಯಿಂದ ತಪ್ಪಿಸಿಕೊಂಡು ಭೂಮಿಗೆ ಹೋಗುತ್ತದೆ. ಮುಂದಿನ ವಾರ ಆ ಕುರ್ಚಿಯಲ್ಲಿ ಮೈಕ್ ನೆಲ್ಸನ್. ಅದೇ ಟೈಪ್ ಮಾಡಲು ಬಂದವರು.

ಜೋಯಲ್ ವಾಸಿಯೋ ಮೈಕ್ ವಾಸಿಯೋ ಅನ್ನುವ ಜಗಳ ಆಗ ತಾನೇ ಕಣ್ಣು ಬಿಡುತ್ತಿದ್ದ ಇಂಟರ್ನೆಟ್ಟಿನಲ್ಲಿ ವರ್ಷಗಟ್ಟಲೆ ನಡೆಯಿತು. ಆ ಮನೆಯಲ್ಲೂ ನಡೆದಿತ್ತು. ಅವರು ಜೋಯಲ್ ಕಡೆ, ಆಕೆ ಮೈಕ್ ಕಡೆ. ಟೇಪುಗಳಿಗೆ ಎರಡು ಬಣ್ಣದ ಚೀಟಿ. ನನ್ನ ಅಭಿಪ್ರಾಯ ಕೇಳಿದರೆ, ಜೋಯಲ್ ಮಕ್ಕಳಿಗೆ ಸಿನಿಮಾ ತೋರಿಸುವ ಚಿಕ್ಕಪ್ಪನ ಹಾಗೆ. ಮೈಕ್ ಹಾಸ್ಟೆಲ್ಲಿನ ರೂಮ್‌ಮೇಟ್ ಹಾಗೆ. ಮನಸ್ಸು ಜೋಯಲ್ ಕಡೆ ಹೋಗುತ್ತದೆ. ಹೆಚ್ಚು ನಕ್ಕಿದ್ದು ಮಾತ್ರ ಮೈಕ್ ಕಂತುಗಳಿಗೆ. ಈ ಮಾತನ್ನು ನಾನು ಆ ನೆಲಮಾಳಿಗೆಯಲ್ಲಿ ಹೇಳಲಿಲ್ಲ. ಊಟ ಹಾಕುವ ಮನೆ.

ಹೊರಗಿನವರಿಗೆ ಈ ಜಗಳ ಬಾಲಿಶ ಅನ್ನಿಸುತ್ತದೆ. ಆದರೆ ನೋಡಿ, ಅಷ್ಟರಲ್ಲಿ ಸರ್ವೊನ ದನಿ ಒಮ್ಮೆ ಬದಲಾಗಿತ್ತು. ವಿಜ್ಞಾನಿಯ ಸಹಾಯಕ ಬದಲಾಗಿದ್ದ. ಮುಂದೆ ಕ್ರೋನ ದನಿಯಾಗಿದ್ದ ಟ್ರೇಸ್ ಬೋಲ್ಯೂ ಕೂಡ ಹೋಗುವವರಿದ್ದರು. ಒಂದೊಂದೇ ಹಲಗೆ ಬದಲಾಯಿಸುತ್ತ ಹೋದರೆ ಅದು ಎಲ್ಲಿಯವರೆಗೆ ಅದೇ ದೋಣಿ? ಅವರ ಜಗಳ ನಿಜವಾಗಿ ಇದರ ಬಗ್ಗೆ. ಬಾಯಲ್ಲಿ ಬರುತ್ತಿದ್ದುದು ಮಾತ್ರ ಜೋಯಲ್, ಮೈಕ್.

ತಮಾಷೆಯೆಂದರೆ, ಪ್ರತಿ ಕಂತಿನ ಶುರುವಿನ ಹಾಡೇ ಇವರಿಗೆ ಬುದ್ಧಿ ಹೇಳುತ್ತದೆ. ಅವನು ಅಲ್ಲಿ ಏನು ತಿನ್ನುತ್ತಾನೆ, ಹೇಗೆ ಉಸಿರಾಡುತ್ತಾನೆ ಅಂತ ತಲೆ ಕೆಡಿಸಿಕೊಳ್ಳಬೇಡಿ, ಇದು ಬರೀ ಒಂದು ಶೋ, ಆರಾಮಾಗಿರಿ ಅನ್ನುವ ಧಾಟಿಯ ಮಾತು. ಹಾಡನ್ನು ಬಾಯಿಪಾಠ ಮಾಡಿದ್ದ ಜನ ಅದೊಂದು ಮಾತನ್ನು ಮಾತ್ರ ಕೇಳಲೇ ಇಲ್ಲ.

1993ರ ಪೀಬಡಿ ಪ್ರಶಸ್ತಿ ಬಂತು. ಟಿವಿಯವರ ದೊಡ್ಡ ಪ್ರಶಸ್ತಿಯಾದ ಎಮ್ಮಿಗೆ ಎರಡು ಸಲ ಹೆಸರು ಹೋಯಿತು. 1996ರಲ್ಲಿ ಸಿನಿಮಾ ಕೂಡ ಬಂತು. ಅದೇ ವರ್ಷ ಬರೀ ಆರು ಕಂತಿನ ಒಂದು ಸೀಸನ್ ಮುಗಿಸಿ ಕಾಮೆಡಿ ಸೆಂಟ್ರಲ್ ಕೈಬಿಟ್ಟಿತು. ಅಭಿಮಾನಿಗಳು ಪತ್ರ ಬರೆದರು. ಮಿಸ್ಟಿಗಳು ಅಂತ ಅವರಿಗೆ ಹೆಸರು. ಆ ಪತ್ರಗಳ ಗದ್ದಲದಲ್ಲಿ ಸೈ-ಫೈ ಚಾನೆಲ್ ಮುಂದೆ ಬಂದು 1997ರ ಫೆಬ್ರುವರಿಯಿಂದ ಮತ್ತೆ ಶುರುವಾಯಿತು. ಸಂಭ್ರಮವೋ ಸಂಭ್ರಮ. ಹಿಂದೆಯೇ ಹೊಸ ಕಳವಳ. ವಾಹಿನಿಯವರಿಗೆ ವೈಜ್ಞಾನಿಕ ಕಟ್ಟುಕಥೆಯ ಸಿನಿಮಾಗಳೇ ಬೇಕು, ಸಿನಿಮಾದ ನಡುನಡುವೆ ಬರುವ ನೌಕೆಯ ದೃಶ್ಯಗಳಲ್ಲಿ ಧಾರಾವಾಹಿಯ ಹಾಗೆ ಕಥೆ ಮುಂದುವರಿಯಬೇಕು. ನೌಕೆಯಲ್ಲಿ ಸುಮ್ನೆ ಕೂತಿರುವುದೇ ಆ ಕಾರ್ಯಕ್ರಮದ ಸೊಗಸು. ಅದಕ್ಕೆ ಕಥೆ ಯಾಕೆ? ಈ ವಿಷಯದಲ್ಲಿ ಅಭಿಮಾನಿಗಳ ಗೊಣಗಾಟ ಸರಿ ಇತ್ತು ಅಂತ ನನಗೂ ಅನ್ನಿಸುತ್ತದೆ. ಆದರೆ ಅದೇ ವರ್ಷದ್ದು ‘ಸ್ಪೇಸ್ ಮ್ಯೂಟಿನಿ’ ಕಂತು. ಕಟ್ಟುಮಸ್ತು ನಾಯಕ ಕಂಡಾಗಲೆಲ್ಲ ಅವನಿಗೊಂದು ಹೊಸ ಪೈಲ್ವಾನ್ ಹೆಸರು ಇಡುತ್ತ ಹೋಗುತ್ತಾರೆ. ನನ್ನ ಹೆಂಡತಿ ಕೊನೆಗೂ ಎಚ್ಚರವಾಗಿದ್ದು ಇದಕ್ಕೆ. ಈಗಲೂ ನಮ್ಮ ಬೀದಿಯ ಜಿಮ್ ಹುಡುಗ ಹಾದುಹೋದರೆ ನಾವಿಬ್ಬರೂ ಮುಖ ಮುಖ ನೋಡಿಕೊಳ್ಳುತ್ತೇವೆ.

1999ರಲ್ಲಿ ಅದೂ ನಿಂತಿತು. ಈ ಸಲವೂ ಪತ್ರ ಬರೆದರು, ದುಡ್ಡು ಸೇರಿಸಿ ಟಿವಿ ಉದ್ಯಮದವರು ಓದುವ ‘ಡೈಲಿ ವೆರೈಟಿ’ ಪತ್ರಿಕೆಯಲ್ಲಿ ಇಡೀ ಪುಟದ ಜಾಹೀರಾತು ಕೊಟ್ಟರು. ಯಾರೂ ಬರಲಿಲ್ಲ. ಹತ್ತು ವರ್ಷ ಮೀರಿದ ಓಟ, 197 ಕಂತು. ನಮ್ಮ ಹಿರಿಯರು ಆ ಆಗಸ್ಟ್ ತಿಂಗಳ ಭಾನುವಾರ ಕೊನೆಯ ಕಂತನ್ನು ಎರಡು ವಿಸಿಆರ್‌ಗಳಲ್ಲಿ ಒಟ್ಟಿಗೆ ಹಿಡಿದರಂತೆ. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತ.

ನಾನು ಆ ಮನೆಗೆ ಹೋಗುವ ಹೊತ್ತಿಗೆ ಡಿವಿಡಿಗಳು ಬಂದಿದ್ದವು. ಆದರೂ ಯಾಕೆ ಟೇಪು ಕಾಯುತ್ತೀರಿ ಅಂತ ಕೇಳಿದ್ದೆ. ಅವರು ಎದ್ದು ಹೋಗಿ ಒಂದು ಡಿವಿಡಿ ಪೆಟ್ಟಿಗೆ ತಂದರು. 2006ರ ಹತ್ತನೇ ಸಂಪುಟ. ಅದರಲ್ಲಿ ಗಾಡ್‌ಜಿಲ್ಲಾದ ಒಂದು ಸಿನಿಮಾ ಇತ್ತು. ಹಕ್ಕಿನ ತಕರಾರು ಬಂದು ಪೆಟ್ಟಿಗೆಯನ್ನೇ ಮಾರುಕಟ್ಟೆಯಿಂದ ತೆಗೆದು, ಬೇರೆ ಸಿನಿಮಾ ಹಾಕಿ ಮತ್ತೆ ಬಿಟ್ಟರು. ಬೇರೆಯವರ ಸಿನಿಮಾದ ಮೇಲೆ ಕಟ್ಟಿದ ಕಾರ್ಯಕ್ರಮದ ಪಾಡು ಇದು. ಮನೆ ನಮ್ಮದು, ನಿವೇಶನ ಇನ್ನೊಬ್ಬರದು. ಒಂದೊಂದು ಕಂತಿಗೂ ಸಿನಿಮಾದ ಮಾಲೀಕರನ್ನು ಹುಡುಕಿ ಒಪ್ಪಿಸಬೇಕು. ಕೆಲವರು ಒಪ್ಪುತ್ತಾರೆ, ಕೆಲವರು ಯಾರೆಂದೇ ತಿಳಿಯುವುದಿಲ್ಲ, ಕೆಲವರಿಗೆ ತಮ್ಮ ಸಿನಿಮಾ ಕೆಟ್ಟದ್ದು ಅಂತ ಇನ್ನೂ ಗೊತ್ತಿಲ್ಲ. “ಟೇಪಿಗೆ ಬೂಷ್ಟು ಮಾತ್ರ ಬರುತ್ತೆ. ವಕೀಲರು ಬರಲ್ಲ,” ಎಂದರು.

ಇದೇ ಕಾಯುವ ಬುದ್ಧಿ ಎಲ್ಲಿಯವರೆಗೆ ಹೋಯಿತೆಂದರೆ, 2011ರಲ್ಲಿ ಬೆನ್ ಸೊಲೊವಿ ಎಂಬ ಕ್ಯಾಮೆರಾ ಕೆಲಸದವನಿಗೆ ಮ್ಯಾನೋಸ್‌ನ ಮೂಲ ಫಿಲ್ಮ್ ಸುರುಳಿ ಸಿಕ್ಕಿತು. ಜನರಿಂದ ದುಡ್ಡು ಎತ್ತಿ, ಒಂದೊಂದು ಚೌಕಟ್ಟನ್ನೂ ತೊಳೆದು ಹೊಳೆಯುವ ಹಾಗೆ ಮಾಡಿದ. ಜಗತ್ತಿನ ಅತಿ ಕೆಟ್ಟ ಸಿನಿಮಾ ಅನ್ನಿಸಿಕೊಂಡದ್ದಕ್ಕೆ ಈ ಉಪಚಾರ! ಗೊಬ್ಬರದ ವ್ಯಾಪಾರಿ ಪಂದ್ಯ ಗೆದ್ದ ಅನ್ನಲೇಬೇಕು.

2015ರ ನವೆಂಬರಿನಲ್ಲಿ ಜೋಯಲ್ ವಾಪಸ್ ಬಂದರು, ಜನರಿಂದ ದುಡ್ಡು ಎತ್ತುವ ಕಿಕ್‌ಸ್ಟಾರ್ಟರ್ ಎಂಬ ಜಾಲತಾಣದ ಮೂಲಕ. 20 ಲಕ್ಷ ಡಾಲರ್ ಕೊಟ್ಟರೆ ಮೂರು ಕಂತು, 55 ಲಕ್ಷ ಆದರೆ ಹನ್ನೆರಡು. ಒಂದು ತಿಂಗಳಲ್ಲಿ 48,270 ಜನ ಸೇರಿ 57 ಲಕ್ಷ ಡಾಲರಿಗೂ ಮೇಲೆ ಕೊಟ್ಟರು. ಸಿನಿಮಾ, ವಿಡಿಯೋ ವಿಭಾಗದಲ್ಲಿ ಅಲ್ಲಿಯವರೆಗಿನ ದಾಖಲೆ ಮುರಿಯಿತು. ನಾನೂ ಮೈಸೂರಿನಿಂದ 25 ಡಾಲರ್ ಹಾಕಿದೆ. ಸಾವಿರದ ಆರುನೂರು ಚಿಲ್ಲರೆ ರೂಪಾಯಿ. “ಊರಲ್ಲಿ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೇಳಿದಾಗ ಐನೂರು ಕೊಟ್ಟವರು ನೀವು,” ಎಂದಳು ನನ್ನ ಹೆಂಡತಿ. ಇದೂ ಜೀರ್ಣೋದ್ಧಾರವೇ ಅಂತ ಹೇಳಿದೆ. ಒಪ್ಪಲಿಲ್ಲ.

ಪತ್ರ ಬರೆದು ಬೇಡುವ ಅಭಿಮಾನಿ ಈಗ ದುಡ್ಡು ಹಾಕಿದ ಅಭಿಮಾನಿ ಆದ. ಹಾಗಾಗಿ ಕಳವಳವೂ ಬಡ್ಡಿ ಸಮೇತ ಬೆಳೆಯಿತು. ಹೊಸ ಮನುಷ್ಯ ಜೋನಾ ರೇ ಹೇಗಿರುತ್ತಾನೋ. ಸರ್ವೊ, ಕ್ರೋಗೆ ಮತ್ತೆ ಹೊಸ ದನಿ. ಮೈಕ್ ಬೇರೆ ಕಂಪನಿ ಮಾಡಿಕೊಂಡು ಇದೇ ಕೆಲಸ ಮಾಡುತ್ತಿದ್ದುದರಿಂದ ಹಳಬರು ಕುರ್ಚಿಗೆ ಮರಳಲಿಲ್ಲ. 2017ರ ಏಪ್ರಿಲ್ 14ರಂದು ನೆಟ್‌ಫ್ಲಿಕ್ಸ್‌ನಲ್ಲಿ 14 ಕಂತು ಒಂದೇ ದಿನ ಬಂದವು. ನನಗೆ ಇಷ್ಟವಾದವು, ಆದರೆ ಸುಸ್ತೂ ಮಾಡಿದವು. ಮಾತಿನ ಮೇಲೆ ಮಾತು. ಹಳೆಯದರಲ್ಲಿ ನಡುವೆ ಅರ್ಧ ನಿಮಿಷ ಮೂವರೂ ಬೇಜಾರಾಗಿ ಸುಮ್ಮನೆ ಪರದೆ ನೋಡುತ್ತಿದ್ದರು. ಆ ಮೌನವೇ ನಗು ತರುತ್ತಿತ್ತು. ಹೊಸಬರಿಗೆ ಸುಮ್ಮನಿರಲು ಭಯ. ಅವರನ್ನು ಬೈಯಲೂ ಆಗುವುದಿಲ್ಲ. ದುಡ್ಡು ಕೊಟ್ಟ ಐವತ್ತು ಸಾವಿರ ಜನ ಎದುರಿಗೆ ಕೂತಿದ್ದರೆ ಯಾರಿಗೆ ಬಾಯಿ ಸುಮ್ಮನಿರುತ್ತದೆ.

2018ರಲ್ಲಿ ಇನ್ನಾರು ಕಂತು ಬಂದವು. 2019ರಲ್ಲಿ ನೆಟ್‌ಫ್ಲಿಕ್ಸ್ ಸಾಕು ಎಂದಿತು. 2021ರಲ್ಲಿ ಮತ್ತೆ ಜನರ ಬಳಿ ಹೋಗಿ 65 ಲಕ್ಷ ಡಾಲರ್ ದಾಟಿಸಿ, ಗಿಜ್ಮೋಪ್ಲೆಕ್ಸ್ ಅಂತ ತಮ್ಮದೇ ಆನ್‌ಲೈನ್ ಥಿಯೇಟರ್ ಕಟ್ಟಿ ಮರುವರ್ಷ 13 ಕಂತು ಮಾಡಿದರು. 2023ರಲ್ಲಿ ಮೂರನೇ ಸಲ ಕೇಳಿದರು. ಗುರಿ ಮುಟ್ಟಲಿಲ್ಲ.

ಆ ಸಲ ನಾನು ದುಡ್ಡು ಹಾಕಿರಲಿಲ್ಲ. ಮಗಳ ಕಾಲೇಜು ಫೀಸು, ಮನೆಗೆ ಬಣ್ಣ, ಏನೋ ಒಂದು. ನಾಳೆ ಹಾಕೋಣ ಅಂತ ಬಿಟ್ಟೆ. ಮುಗಿದ ದಿನ ನೋಡಿ ಹೊಟ್ಟೆಯಲ್ಲಿ ಏನೋ ಆಯಿತು. ನನ್ನ 25 ಡಾಲರಿನಿಂದ ಏನೂ ಆಗುತ್ತಿರಲಿಲ್ಲ, ಗೊತ್ತು. ಹಿರಿಯರಿಗೆ ಮೆಸೇಜ್ ಮಾಡಿದೆ. ಅವರು ಎರಡು ದಿನ ಬಿಟ್ಟು ಉತ್ತರಿಸಿದರು. ಮನೆ ಮಾರುತ್ತಿದ್ದಾರಂತೆ. ಮೊಣಕಾಲು ನೋವು, ಮೆಟ್ಟಿಲು ಹತ್ತಲಾಗುವುದಿಲ್ಲ, ನೆಲಮಾಳಿಗೆ ಇಲ್ಲದ ಸಣ್ಣ ಫ್ಲ್ಯಾಟಿಗೆ ಹೋಗುತ್ತಿದ್ದಾರೆ. ಟೇಪುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ಮುಗಿಸಿದ್ದಾರೆ. “ಆದರೆ ಟೇಪು ಎಸೆಯಲು ಮನಸ್ಸು ಬರಲ್ಲ. ಒಬ್ಬೊಬ್ಬರಿಗೆ ಒಂದೊಂದು ಕಳಿಸ್ತಾ ಇದ್ದೀನಿ. ನಿಮ್ಮ ಅಡ್ರೆಸ್ ಅದೇನಾ?”

ಆರು ವಾರಕ್ಕೆ ಪಾರ್ಸೆಲ್ ಬಂತು. ಗುಳ್ಳೆ ಪ್ಲಾಸ್ಟಿಕ್ಕು ಬಿಚ್ಚಿದರೆ ಒಂದು ಕ್ಯಾಸೆಟ್. ಬೆನ್ನ ಮೇಲೆ ಅವರ ಕೈಬರಹ, ಜೊತೆಗೆ ಆಕೆಯ ಬಣ್ಣದ ಚೀಟಿ. ಮೂರೂ ಮೈಕ್ ಕಂತು! ಆಕೆಗೆ ನನ್ನ ಗುಟ್ಟು ಯಾವಾಗಲೋ ಗೊತ್ತಾಗಿತ್ತು ಅಂತ ಕಾಣುತ್ತದೆ.

ಮನೆಯಲ್ಲಿ ವಿಸಿಆರ್ ಇಲ್ಲ. ಪೇಟೆಯಲ್ಲಿ ವಿಚಾರಿಸಿದೆ. ಹಳೇ ಟಿವಿ ರಿಪೇರಿ ಅಂಗಡಿಯವರು ಕ್ಯಾಸೆಟ್ಟನ್ನು ತಿರುಗಿಸಿ ನೋಡಿ, “ಇದು ಅಮೆರಿಕದ್ದು ಸಾರ್, ಎನ್‌ಟಿಎಸ್‌ಸಿ. ನಮ್ಮ ಕಡೆಯದು ಪಾಲ್ ಪದ್ಧತಿ, ಆ ಮೆಷಿನ್ನು ಸಿಕ್ಕಿದ್ರೂ ಎಲ್ಲದರಲ್ಲೂ ಓಡಲ್ಲ. ಏನಿದೆ ಇದರಲ್ಲಿ, ಮದುವೆನಾ?” ಎಂದರು. ಅಲ್ಲ, ಸಿನಿಮಾ ಅಂದೆ. “ಒಳ್ಳೆ ಸಿನಿಮಾನಾ?” ಏನು ಹೇಳಲಿ.

ಬೀರುವಿನಲ್ಲಿ, ಸೀರೆಗಳ ಕೆಳಗಿನ ಅರೆಯಲ್ಲಿ ಇಟ್ಟಿದ್ದೇನೆ. ಜುಲೈ ಬಂತು. ಈ ಸಲ ಮಳೆ ಜೋರು, ಗೋಡೆಗೆ ಥಂಡಿ ಏರಿದೆ. ಮೊನ್ನೆ ರಾತ್ರಿ ಎದ್ದು, ಮನೆಯಲ್ಲಿದ್ದ ಶೂ ಡಬ್ಬಗಳನ್ನೆಲ್ಲ ತೆಗೆದು, ಅದರಲ್ಲಿರುತ್ತವಲ್ಲ ತೇವ ಹೀರುವ ಸಣ್ಣ ಪೊಟ್ಟಣಗಳು, ಅವನ್ನು ಹುಡುಕಿ ಏಳು ಸೇರಿಸಿದೆ. ನನ್ನ ಹೆಂಡತಿ ದೀಪ ಹಾಕಿ, “ಈ ಹೊತ್ತಲ್ಲಿ ಏನ್ರೀ?” ಎಂದಳು.

“ಏನಿಲ್ಲ, ಮಲಗು,” ಎಂದೆ.